ಹ್ಯಾಂಗರಿಗೆ ನೇತುಹಾಕಿದ್ದ ಯೂನಿಫಾರಂ

ಗುಬ್ಬಿಯ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ನಾನು ಬುಧವಾರದ ಮಧ್ಯಾಹ್ನ ಕೂರುವ ಕ್ಲಿನಿಕ್ಕಿನ ಎದುರಿಗೇ ಸೈಫುಲ್ಲಾ ಅವರ ಟೈಲರ್ ಅಂಗಡಿ. ಜೂನ್ ಎರಡನೇ ವಾರ ಒಂದು ಬ್ಲೌಸ್ ಇಸಿದುಕೊಳ್ಳಲು ಹೋಗಿದ್ದೆ. ಅಂಗಡಿಯ ತುಂಬ ಸ್ಕೂಲ್ ಯೂನಿಫಾರಂ. ತಿಳಿನೀಲಿ ಟಾಪುಗಳು ಸಾಲಾಗಿ ಹ್ಯಾಂಗರುಗಳಲ್ಲಿ ತೂಗುತ್ತಿದ್ದವು. ಅವುಗಳಲ್ಲಿ ಒಂದು ಮಾತ್ರ ವಾಲಿತ್ತು.

ಬೇರೆ ಯಾರಾದರೂ ಆಗಿದ್ದರೆ ಬ್ಲೌಸ್ ತೆಗೆದುಕೊಂಡು ಹೋಗುತ್ತಿದ್ದರು. ನನಗೆ ಅದು ಆಗುವುದಿಲ್ಲ. ನಾನು ಬೆನ್ನುಮೂಳೆಯ ಡೊಂಕು ಸರಿಪಡಿಸುವ ಸರ್ಜನ್. ಹದಿನೆಂಟು ವರ್ಷದಿಂದ ಇದೇ ಕೆಲಸ. ಬಸ್ಸಿನ ಕ್ಯೂನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಎಲ್ಲೇ ಆಗಲಿ, ನನ್ನ ಕಣ್ಣು ಮೊದಲು ಹೋಗುವುದು ಜನರ ಭುಜಕ್ಕೆ. ಎರಡೂ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಿ ಆದ ಮೇಲೆ ಮುಖ. ಮನೆಯವರು ಎಷ್ಟೋ ಸಲ ಬೈದಿದ್ದಾರೆ.

ಆ ಟಾಪಿನ ಬಲ ಭುಜ ಎಡದ್ದಕ್ಕಿಂತ ಒಂದು ಬೆರಳು ಮೇಲಿತ್ತು. ಎಡಭುಜದ ಒಳಗೆ ತೆಳ್ಳಗಿನ ಪ್ಯಾಡ್ ಕೂಡಿಸಿದ್ದರು. ಬೆನ್ನಿನ ಬಲಗಡೆ ಬಟ್ಟೆ ಸಡಿಲ. ಕೆಳಗಿನ ಅಂಚು ಓರೆಯಾಗಿ ಇಳಿದಿತ್ತು.

"ಸೈಫುಲ್ಲಾ ಅವರೇ, ಇದೊಂದು ಸೊಟ್ಟ ಹೊಲೆದುಬಿಟ್ಟಿದ್ದೀರಲ್ಲ" ಎಂದೆ.

ಅವರು ಮಿಷನ್ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. "ಸೊಟ್ಟಾನಾ? ಕತ್ರಿ ಹಿಡಿದು ಇಪ್ಪತ್ತೇಳು ವರ್ಷ ಆಯ್ತು ಮೇಡಂ. ಸೊಟ್ಟ ಹೊಲಿಯೋರು ಸರ್ಕಲ್ ಹತ್ರ ಇದಾರೆ. ಅಡ್ರೆಸ್ ಬೇಕಾದ್ರೆ ಕೊಡ್ತೀನಿ."

"ಹಾಗಾದ್ರೆ ಇದು?"

"ಅದು ನಮ್ ಮಗಳು ಅರ್ಶಿಯಾದು. ಎಂಟನೇ ಕ್ಲಾಸು. ಹ್ಯಾಂಗರ್ ಮೇಲೆ ಹಂಗೆ ಕಾಣ್ತದೆ. ಅವಳು ಹಾಕ್ಕಂಡ್ರೆ ನೋಡಿ, ದಾರ ಎಳೆದಂಗೆ ನೆಟ್ಟಗೆ ಕೂರ್ತದೆ."

ಅವರ ದನಿಯಲ್ಲಿ ಹೆಮ್ಮೆಯೇ ಇತ್ತು. ನಾನು ಬ್ಲೌಸಿನ ಕವರ್ ಹಿಡಿದುಕೊಂಡು ಅಲ್ಲೇ ನಿಂತೆ. ಬಟ್ಟೆ ಸೊಟ್ಟಗಿದ್ದು ಹುಡುಗಿ ನೆಟ್ಟಗೆ ಕಾಣುತ್ತಾಳೆಂದರೆ ಏನು ಅರ್ಥ ಎಂದು ಅವರಿಗೆ ಹೇಳಬೇಕಿತ್ತು. ಯಾವ ಪದದಿಂದ ಶುರುಮಾಡಲಿ ಎಂದು ಹುಡುಕುತ್ತಿದ್ದೆ. ಕೊನೆಗೆ, "ಅವಳು ಸ್ಕೂಲಿಂದ ಎಷ್ಟೊತ್ತಿಗೆ ಬರ್ತಾಳೆ?" ಎಂದಷ್ಟೇ ಕೇಳಿದೆ.

ನಾಲ್ಕೂವರೆಗೆ ಬಂದಳು. ಅವಳ ತಾಯಿ ಚಾಂದ್ ಬೀಯವರನ್ನೂ ಕರೆಸಿಕೊಂಡು, ಕ್ಲಿನಿಕ್ಕಿನ ಬಾಗಿಲು ಹಾಕಿ, ಹುಡುಗಿಗೆ ಬೆನ್ನು ತೋರಿಸಲು ಹೇಳಿದೆ. ಎರಡೂ ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಿದಳು. ಬೆನ್ನಿನ ಬಲಭಾಗ ಮೇಲೆದ್ದಿತು, ಹಾಸಿಗೆಯ ಕೆಳಗೆ ಏನೋ ಸೇರಿಕೊಂಡು ಒಂದು ಕಡೆ ಉಬ್ಬಿದ ಹಾಗೆ. ಚಾಂದ್ ಬೀ ಅದನ್ನೇ ನೋಡುತ್ತ ನಿಂತರು. ಮಗಳು ತಾನೇ ಸ್ನಾನ ಮಾಡಿಕೊಳ್ಳಲು ಶುರುಮಾಡಿ ನಾಲ್ಕು ವರ್ಷವಾಗಿತ್ತಂತೆ.

ಹೊರಗೆ ಬಂದ ಮೇಲೆ ಗಂಡನನ್ನು ಕೇಳಿದರು. ಮನೆಯಲ್ಲಾಡುವ ಉರ್ದು ಬಿಟ್ಟು ಕನ್ನಡದಲ್ಲೇ ಕೇಳಿದರು. ನನಗೂ ಗೊತ್ತಾಗಲಿ ಎಂದಿರಬೇಕು.

"ನಿಮ್ಗೆ ಗೊತ್ತಿತ್ತು."

"ಸೊಟ್ಟ ಕೂತ್ಕೋತಾಳೆ, ಅದಕ್ಕೇ ಅಂದ್ಕೊಂಡೆ."

"ಊರೋರ ಕಣ್ಣಿಗೆ ಮುಚ್ಚಿದ್ರಿ, ಸರಿ. ನನ್ನ ಕಣ್ಣಿಗೂ ಪ್ಯಾಡ್ ಇಟ್ಟು ಹೊಲೆದ್ರಲ್ಲ."

ಸೈಫುಲ್ಲಾ ಅಂಗಡಿಗೆ ಹೋಗಿ ರಟ್ಟು ಹೊದಿಸಿದ ಒಂದು ಉದ್ದನೆಯ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. ಗಿರಾಕಿಗಳ ಅಳತೆ ಬರೆಯುವ ಪುಸ್ತಕ. ಮಗಳ ಹೆಸರಿಗೆ ಒಂದು ಹಾಳೆಯನ್ನೇ ಬಿಟ್ಟಿದ್ದರು. ಪ್ರತಿ ಜೂನ್ ತಿಂಗಳಲ್ಲೂ ಭುಜದಿಂದ ಸೊಂಟದವರೆಗೆ ಬಲಗಡೆ ಎಷ್ಟು, ಎಡಗಡೆ ಎಷ್ಟು ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ನಾಲ್ಕು ವರ್ಷದ ಹಿಂದೆ ಎರಡೂ ಒಂದೇ. ಮರುವರ್ಷ ಕಾಲು ಇಂಚಿನ ವ್ಯತ್ಯಾಸ. ಆಮೇಲೆ ಅರ್ಧ, ಮುಕ್ಕಾಲು. ಈ ಜೂನ್‌ನಲ್ಲಿ ಒಂದೂಕಾಲು.

ಎಲ್ಲರೂ ನನ್ನ ಹತ್ತಿರ ಬರುವುದು ಒಂದೇ ಒಂದು ಎಕ್ಸ್‌ರೇ ಹಿಡಿದು. ಡೊಂಕು ಎಷ್ಟಿದೆ ಎಂದು ಅದು ಹೇಳುತ್ತದೆ, ಯಾವ ವೇಗದಲ್ಲಿ ಬಂತು ಎಂದು ಹೇಳುವುದಿಲ್ಲ. ಈ ಪೆನ್ಸಿಲ್ ಗುರುತುಗಳು ಅದನ್ನೇ ಹೇಳುತ್ತಿದ್ದವು. ಹಾಳೆಯ ಫೋಟೋ ತೆಗೆದುಕೊಂಡೆ. ಮಾರನೆಯ ದಿನ ನಾನು ಕೆಲಸ ಮಾಡುವ ತುಮಕೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು. ಐವತ್ತೆಂಟು ಡಿಗ್ರಿ. ಬೆಲ್ಟ್ ಹಾಕಿ ನಿಲ್ಲಿಸುವ ಹಂತ ದಾಟಿತ್ತು. ಆಪರೇಷನ್ ಆಗಬೇಕು; ಆಗದಿದ್ದರೆ ಬೆಳೆಯುವ ವಯಸ್ಸಿನಲ್ಲಿ ಇನ್ನೂ ಬಾಗುತ್ತದೆ, ಒಂದು ದಿನ ಶ್ವಾಸಕೋಶಕ್ಕೆ ಜಾಗ ಸಾಲುವುದಿಲ್ಲ.

"ನೀವೇ ಮಾಡ್ತೀರಾ?" ಎಂದು ಸೈಫುಲ್ಲಾ ಕೇಳಿದರು.

"ಬೆಂಗಳೂರಿಗೆ ಲೆಟರ್ ಕೊಡ್ತೀನಿ. ಅಲ್ಲಿ ದೊಡ್ಡ ಆಸ್ಪತ್ರೆ ಇದೆ" ಎಂದೆ.

ಅವರು ನನ್ನ ಕೋಣೆಯ ಹೊರಗಿನ ಬೋರ್ಡನ್ನು ಓದಿಕೊಂಡೇ ಒಳಗೆ ಬಂದಿದ್ದರು. ಬೆನ್ನುಮೂಳೆಯ ಡೊಂಕಿನ ಶಸ್ತ್ರಚಿಕಿತ್ಸಾ ತಜ್ಞೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅವರು ಅದನ್ನು ಎತ್ತಿ ಆಡಲಿಲ್ಲ. ಆದರೆ ನಮ್ಮ ಅರಿವಳಿಕೆ ಡಾಕ್ಟರು ರಂಗನಾಥ್ ಬಿಡುವವರಲ್ಲ. ಕ್ಯಾಂಟೀನಿನಲ್ಲಿ ಸಿಕ್ಕಾಗ, "ಪ್ರಮೀಳಾ, ಆ ಬೋರ್ಡ್ ಇಳಿಸಿಬಿಡು ಕಣಮ್ಮ. ಸೊಂಟ ನೋವಿನ ಮಾತ್ರೆ ಬರೆದುಕೊಡಲಾಗುವುದು ಅಂತ ಬರೆಸು. ನಾನೇ ಪೇಂಟರ್‌ನ ಕರ್ಕೊಂಡು ಬರ್ತೀನಿ" ಎಂದರು.

ಅವರಿಗೆ ಕಾರಣ ಗೊತ್ತು. ಅವತ್ತು ಅವರೂ ಆಪರೇಷನ್ ಥಿಯೇಟರಿನಲ್ಲಿದ್ದರು.

ಪುಣೆಯಲ್ಲಿ ಎರಡು ವರ್ಷ ಈ ಒಂದೇ ಕೆಲಸವನ್ನು ಕಲಿತು ತುಮಕೂರಿಗೆ ಬಂದವಳು ನಾನು. ಇಲ್ಲಿ ಅಲ್ಲಿಯವರೆಗೆ ನಲವತ್ತೊಂದು ಡೊಂಕು ಬೆನ್ನುಗಳನ್ನು ನೆಟ್ಟಗೆ ಮಾಡಿದ್ದೆ. ನಲವತ್ತು ಜನ ಓಡಾಡಿಕೊಂಡಿದ್ದಾರೆ. ನಲವತ್ತೊಂದನೆಯವಳು ಗಂಗಾಂಬಿಕೆ, ಕುಣಿಗಲ್ ತಾಲ್ಲೂಕಿನ ಹುಡುಗಿ. ಅವಳ ಎಡಪಾದ ಮೇಲಕ್ಕೆ ಏಳುವುದಿಲ್ಲ. ತುಮಕೂರಿನ ಸತ್ಯಮಂಗಲದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಮಾಡಿಸಿಕೊಟ್ಟ, ಪಾದವನ್ನು ಎತ್ತಿ ಹಿಡಿಯುವ ಪಟ್ಟಿಯನ್ನು ಕಾಲಿಗೆ ಕಟ್ಟಿಕೊಂಡು ನಡೆಯುತ್ತಾಳೆ. ಅದಾಗಿ ಆಗ ಒಂದು ವರ್ಷ ಐದು ತಿಂಗಳು. ಅಲ್ಲಿಂದೀಚೆಗೆ ನಾನು ಡೊಂಕಿನ ಆಪರೇಷನ್ ಮುಟ್ಟಿರಲಿಲ್ಲ.

ಅವಳ ತಂದೆ ಅಡವಿಯಪ್ಪ ಇವತ್ತಿನವರೆಗೆ ನನ್ನನ್ನು ಬೈದಿಲ್ಲ. ಪ್ರತಿ ತಿಂಗಳ ಮೊದಲನೇ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಮಾಡುತ್ತಿದ್ದರು. "ಮೇಡಮ್ಮೋರೆ, ಕಾಲ್ ಹೆಬ್ಬೆಟ್ಟು ಒಸಿ ಅಲ್ಲಾಡ್ತು." "ಮೇಡಮ್ಮೋರೆ, ಈ ತಿಂಗ್ಳು ಅಂಗೇ ಅದೆ. ನೀವು ತಲೆ ಕೆಡುಸ್ಕಬ್ಯಾಡಿ." ಫೋನ್ ಬರುವ ಹಿಂದಿನ ದಿನವೇ ನನಗೆ ಊಟ ಸೇರುತ್ತಿರಲಿಲ್ಲ. ಬಂದು ಹೋದ ಮೇಲೆ ಇನ್ನೂ ಸೇರುತ್ತಿರಲಿಲ್ಲ.

ಬೆಂಗಳೂರಿನವರು ಏಳು ತಿಂಗಳ ನಂತರದ ತಾರೀಕು ಕೊಟ್ಟರು. ಕಾಯುವುದೆಂದು ತೀರ್ಮಾನವಾಯಿತು. ಕಾಯುವ ತೀರ್ಮಾನದಿಂದ ನನಗೆ ಸಮಾಧಾನವಾಯಿತು ಎಂಬುದನ್ನು ಇಲ್ಲಿ ಬರೆಯಲೇಬೇಕು.

ಆಗಸ್ಟಿನ ಎರಡನೇ ಬುಧವಾರ ಸೈಫುಲ್ಲಾ ಅಳತೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಲಿನಿಕ್ಕಿಗೆ ಬಂದರು. ಬಿದರೆಹಳ್ಳ ಕಾವಲ್‌ನ ಫ್ಯಾಕ್ಟರಿ ಕ್ಯಾಂಟೀನಿನವರ ಬಟ್ಟೆಗೆ ಅಳತೆ ತೆಗೆದುಕೊಂಡು ಹಾಗೇ ಬಂದಿದ್ದರು, ಇಂಚ್ ಟೇಪ್ ಇನ್ನೂ ಕತ್ತಿನಲ್ಲಿತ್ತು. ಪುಸ್ತಕ ತೆರೆದು ತೋರಿಸಿದರು. ಜೂನ್, ಒಂದೂಕಾಲು. ಆಗಸ್ಟ್, ಒಂದೂವರೆ.

"ಮೊದ್ಲೆಲ್ಲ ಕಾಲು ಇಂಚಿಗೆ ಒಂದ್ ವರ್ಷ ಬೇಕಿತ್ತು ಮೇಡಂ. ಈಗ ಎರಡೇ ತಿಂಗಳು" ಎಂದರು. "ಏಳು ತಿಂಗಳಿಗೆ ಎಷ್ಟಾಯ್ತು, ನೀವೇ ಹೇಳಿ. ನಂಗೆ ಬಟ್ಟೆ ಲೆಕ್ಕ ಬರ್ತದೆ, ಇದು ಬರಲ್ಲ."

ಮತ್ತೆ ಎಕ್ಸ್‌ರೇ ಮಾಡಿಸಿದೆ. ಅರವತ್ತಮೂರು. ಟೇಪು ಸುಳ್ಳು ಹೇಳಿರಲಿಲ್ಲ. ಬೆಂಗಳೂರಿಗೆ ಮೂರು ಸಲ ಫೋನ್ ಮಾಡಿದೆ. ಅದಕ್ಕಿಂತ ಮೊದಲಿನ ತಾರೀಕು ಸಿಗಲಿಲ್ಲ. ಪುಣೆಯ ನನ್ನ ಗುರುಗಳಿಗೂ ಫಿಲ್ಮ್ ಕಳಿಸಿದೆ. "ನೀನು ಇದನ್ನು ಮಾಡಬಲ್ಲೆ. ಯಾಕೆ ಕೇಳುತ್ತಿದ್ದೀಯ?" ಎಂದು ಅವರು ಬರೆದರು. ಯಾಕೆ ಎಂದು ಅವರಿಗೂ ಹೇಳಿರಲಿಲ್ಲ.

ಸೆಪ್ಟೆಂಬರ್ ಮೊದಲ ಗುರುವಾರ ಮಾಡೋಣ ಎಂದು ರಂಗನಾಥ್‌ಗೆ ಹೇಳಿದೆ. ಅವರು ಈ ಸಲ ತಮಾಷೆ ಮಾಡಲಿಲ್ಲ. "ಮಿಷನ್‌ನವರನ್ನ ಈಗಲೇ ಬುಕ್ ಮಾಡು" ಎಂದರು. ಆಪರೇಷನ್ ನಡೆಯುವಾಗ ಮೆದುಳಿನಿಂದ ಕಾಲಿಗೆ ಸಿಗ್ನಲ್ ಹೋಗುತ್ತಿದೆಯೇ ಎಂದು ನೋಡುತ್ತಲೇ ಇರುವ ಯಂತ್ರ ಅದು. ಬೆಂಗಳೂರಿನಿಂದ ಟೆಕ್ನಿಷಿಯನ್ ಜೊತೆಗೆ ಬರಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ಗಂಡ ಹೆಂಡತಿ ಇಬ್ಬರನ್ನೂ ತುಮಕೂರಿಗೆ ಕರೆಸಿದೆ. ಒಪ್ಪಿಗೆಯ ಮಾತುಗಳನ್ನು ನಾನು ಜೂನಿಯರ್ ಕೈಲಿ ಆಡಿಸುವುದಿಲ್ಲ. ರಕ್ತ ಎಷ್ಟು ಹೋಗಬಹುದು, ಸೋಂಕು ಆಗಬಹುದು, ಸ್ಕ್ರೂ ಸಡಿಲವಾಗಬಹುದು, ಕಾಲಿನ ಶಕ್ತಿ ಹೋಗಬಹುದು. ಈ ಕೊನೆಯದು ಸಾವಿರಕ್ಕೆ ಒಬ್ಬರಿಗೋ ಇಬ್ಬರಿಗೋ. ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಸೈಫುಲ್ಲಾ ಪೆನ್ ಕ್ಯಾಪ್ ತೆಗೆದರು, ಮತ್ತೆ ಹಾಕಿದರು.

"ಒಂದು ಕೇಳ್ಲಾ ಮೇಡಂ? ನಾನು ಒಂದ್ಸಲ ಮದುವೆ ಗಂಡಿನ ಶೇರ್ವಾನಿ ತಪ್ಪು ಕತ್ತರಿಸಿದೆ. ತೋಳು ಒಂದಿಂಚು ಗಿಡ್ಡ. ಬಟ್ಟೆನೇ ಸರಿ ಇಲ್ಲ, ನೀರು ಬಿದ್ರೆ ಕುಗ್ಗೋ ಮಾಲು ಅಂದ್ಬಿಟ್ಟೆ. ಅವರು ನಂಬಿದ್ರು. ನಿಮ್ ಕೈಲಿ ಯಾವತ್ತಾದ್ರೂ ಹಂಗಾಗಿದ್ಯಾ?"

ಚಾಂದ್ ಬೀ ಗಂಡನ ಮೊಣಕೈ ಹಿಡಿದರು. "ಡಾಕ್ಟರಮ್ಮಂಗೆ ಹಂಗೆಲ್ಲ ಕೇಳ್ತಾರಾ?"

"ಅವರು ನನ್ನ ಅಂಗಡಿಗೆ ಬಂದು ಸೊಟ್ಟ ಹೊಲೆದಿದ್ದೀಯ ಅಂತ ಕೇಳಿಲ್ವಾ?"

ಗಂಗಾಂಬಿಕೆಯ ವಿಷಯ ಹೇಳಿದೆ. ಸಾವಿರಕ್ಕೆ ಒಬ್ಬರು ಎಂಬ ಮಾತಿನಲ್ಲೇ ನಿಲ್ಲಿಸಬಹುದಿತ್ತು. ಆ ಮಾತಿನಲ್ಲಿ ಒಂದು ಪದವೂ ಸುಳ್ಳಲ್ಲ. ಅಡವಿಯಪ್ಪನಿಗೆ ಹೇಳಿದ್ದೂ ಅದನ್ನೇ. ಯಾಕೋ ಆ ಇಂಚ್ ಟೇಪಿನವರ ಮುಂದೆ ಅದು ಬಾಯಿಗೆ ಬರಲಿಲ್ಲ.

"ಆಪರೇಷನ್ ಮಧ್ಯದಲ್ಲಿ ಕಾಲಿನ ಸಿಗ್ನಲ್ ಬಿತ್ತು. ವೈರ್ ಸಡಿಲ ಆಗಿರಬಹುದು ಅಂತ ಮಿಷನ್‌ನವರು ಅಂದ್ರು, ನಾನು ಅದನ್ನೇ ನಂಬಿದೆ. ಬೆನ್ನು ಅಷ್ಟು ಚೆನ್ನಾಗಿ ನೆಟ್ಟಗೆ ಬಂದಿತ್ತು, ಹಾಕಿದ ರಾಡ್ ಬಿಚ್ಚೋಕೆ ಮನಸ್ಸು ಬರಲಿಲ್ಲ. ವೈರ್ ಹುಡುಕಿಸ್ತಾ ಇಪ್ಪತ್ತು ನಿಮಿಷ ಕಳೆದೆ. ಆಮೇಲೆ ಬಿಚ್ಚಿದೆ. ಅಷ್ಟರಲ್ಲಿ ತಡ ಆಗಿತ್ತು."

ಸೈಫುಲ್ಲಾ ಕೇಳಿದರು, "ಇದು ಆ ಹುಡುಗಿ ಅಪ್ಪಂಗೆ ಗೊತ್ತಾ?"

"ಇಲ್ಲ."

"ಅವರಿಗೆ ಮೊದ್ಲು ಹೇಳಿ. ಆಮೇಲೆ ನಾನು ಸೈನ್ ಹಾಕ್ತೀನಿ."

ಚಾಂದ್ ಬೀ ಉರ್ದುವಿನಲ್ಲಿ ಏನೋ ಬಿರುಸಾಗಿ ಅಂದರು. ಸೈಫುಲ್ಲಾ ಉರ್ದುವಿನಲ್ಲೇ ಗಟ್ಟಿಯಾಗಿ ಉತ್ತರಿಸಿ ನನ್ನ ಕಡೆ ತಿರುಗಿದರು. "ತಪ್ಪು ಆಯ್ತು ಅಂತ ನಾನು ಬೇಡ ಅಂತಿಲ್ಲ ಮೇಡಂ. ಮುಚ್ಚಿ ಹೊಲಿಯೋದು ನಂಗೂ ಚೆನ್ನಾಗ್ ಬರ್ತದೆ. ಅದರಿಂದ ನಮ್ಮನೇಲಿ ಏನಾಯ್ತು ಅಂತ ನೀವೇ ನೋಡಿದ್ರಲ್ಲ."

ಭಾನುವಾರ ಒಬ್ಬಳೇ ಕಾರು ತೆಗೆದುಕೊಂಡು ಕುಣಿಗಲ್ ದಾಟಿ ಹೋದೆ. ಅಡವಿಯಪ್ಪನ ಮನೆ ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ. ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿ, ಹೇಳಬೇಕಾದ ವಾಕ್ಯವನ್ನು ಬಾಯಲ್ಲಿ ಹೇಳಿ ನೋಡಿಕೊಂಡೆ. ಎರಡು ಸಲವೂ ಅದು ನನಗೆ ಅನುಕೂಲವಾಗುವ ಹಾಗೆ ತಿರುಗಿಕೊಂಡಿತು.

ಅಡವಿಯಪ್ಪ ಅಂಗಳದಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದು ಪಂಚೆ ಇಳಿಬಿಟ್ಟರು. "ಯಾಕ್ ಮೇಡಮ್ಮೋರೆ, ನಾಳಿಕ್ಕೆ ನಾನೇ ಫೋನ್ ಮಾಡ್ತಿದ್ನಲ್ಲ. ಕುಂತ್ಕಳಿ, ಕುಂತ್ಕಳಿ. ಗಂಗಾ, ಯಾರ್ ಬಂದವ್ರೆ ನೋಡವ್ವ."

ಗಂಗಾಂಬಿಕೆ ಬಾಗಿಲಿಗೆ ಬಂದಳು. ಎಡಗಾಲನ್ನು ಸ್ವಲ್ಪ ಎತ್ತಿ ಹಾಕುತ್ತಾಳೆ. ಬೆನ್ನು ನೇರವಾಗಿತ್ತು. ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು, ನಾನು ಮಾಡಿದ ಕೆಲಸಕ್ಕೆ.

ಕೂರದೆ ಹೇಳಿಬಿಟ್ಟೆ. ಇಪ್ಪತ್ತು ನಿಮಿಷ ಎಂಬ ಮಾತು ಬಂದಾಗ ಅಡವಿಯಪ್ಪ ಕೈಲಿದ್ದ ಕಾಯಿಯನ್ನು ಕೆಳಗಿಟ್ಟರು.

"ಇಪ್ಪತ್ ನಿಮಿಸ" ಎಂದರು. "ನಾನು ಆವತ್ತು ಆಚೆ ಬೆಂಚ್ ಮ್ಯಾಲೆ ಕುಂತಿದ್ದೆ. ನೀವು ಒಳಗೆ ಎಲ್ಲಾ ನೋಡ್ಕತೀರ ಅಂತ ಟೀ ಕುಡ್ಯಕ್ ಹೋಗಿದ್ದೆ" ಎಂದರು.

ಸುಲಿದ ಕಾಯಿಗಳನ್ನು ಒಂದು ಕಡೆ ಸರಿಸಿದರು.

"ತಿಂಗ್ಳು ತಿಂಗ್ಳು ಯಾಕ್ ಫೋನ್ ಮಾಡ್ತಿದ್ದೆ ಗೊತ್ತಾ ಮೇಡಮ್ಮೋರೆ? ಹೆಬ್ಬೆಟ್ಟು ಒಂದೊಂದ್ ತಿಂಗ್ಳು ಅಲ್ಲಾಡ್ತಿರ್ಲಿಲ್ಲ. ಅಲ್ಲಾಡ್ತು ಅಂತಿದ್ದೆ. ನೀವು ಬ್ಯಾಸರ ಮಾಡ್ಕಬಾರ್ದು ಅಂತ."

ಬಾಗಿಲಲ್ಲಿದ್ದ ಗಂಗಾಂಬಿಕೆ ಕೇಳಿದಳು. "ಆ ಇಪ್ಪತ್ತು ನಿಮಿಷ ಇಲ್ದಿದ್ರೆ ನನ್ ಕಾಲು ಸರಿ ಇರ್ತಿತ್ತಾ?"

"ಇರ್ತಿತ್ತು ಅಂತ ಖಂಡಿತ ಹೇಳೋಕಾಗಲ್ಲ. ಇರೋ ಸಾಧ್ಯತೆ ಹೆಚ್ಚಿತ್ತು."

ಅವಳು ತಲೆಯಾಡಿಸಿದಳು. ಲೆಕ್ಕದ ಉತ್ತರವನ್ನು ತಾಳೆ ನೋಡಿದವರ ಹಾಗೆ. ಅಡವಿಯಪ್ಪ ಮತ್ತೆ ಕೂತು ಕಾಯಿಯನ್ನು ಕೈಗೆತ್ತಿಕೊಂಡರು. "ಹೋಗ್ಬನ್ನಿ" ಎಂದರು, ನನ್ನ ಮುಖ ನೋಡದೆ. ಅವರ ಮನೆಯಿಂದ ನಾನು ಒಂದು ಲೋಟ ನೀರೂ ಕುಡಿಯದೆ ವಾಪಸಾದದ್ದು ಅದೇ ಮೊದಲು.

ಮಾರನೆಯ ದಿನ ಮೊದಲನೇ ಸೋಮವಾರ. ಹತ್ತು ಗಂಟೆಗೆ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಬರಲಿಲ್ಲ. ಹನ್ನೊಂದಕ್ಕೆ ಸೈಫುಲ್ಲಾ ಬಂದರು. "ಹೇಳಿದ್ರಾ?" ಎಂದರು. "ಹೇಳಿದೆ" ಎಂದೆ. ಅವರೇನಂದರು ಎಂದು ಕೇಳಲಿಲ್ಲ. ಪೆನ್ ತೆಗೆದು ಸಹಿ ಹಾಕಿದರು. ನನಗೆ ಆ ಕಾಗದ ಮುಟ್ಟಲು ಧೈರ್ಯ ಸಾಲಲಿಲ್ಲ, ನರ್ಸ್ ಬಂದು ಎತ್ತಿಕೊಂಡು ಹೋದಳು.

ಬುಧವಾರ ಅರ್ಶಿಯಾ ಅಡ್ಮಿಟ್ ಆದಳು. ಸಿಗ್ನಲ್ ಬಿದ್ದರೆ ಆಪರೇಷನ್ ಮಧ್ಯದಲ್ಲೇ ಅರೆ ಎಚ್ಚರ ಮಾಡಿಸಿ ಕಾಲು ಅಲ್ಲಾಡಿಸಲು ಹೇಳುತ್ತೇವೆ. ಹಿಂದಿನ ದಿನವೇ ಅದನ್ನು ಅಭ್ಯಾಸ ಮಾಡಿಸಬೇಕು. ನೋವಿರುವುದಿಲ್ಲ, ಆಮೇಲೆ ನೆನಪೂ ಇರುವುದಿಲ್ಲ ಎಂದು ಹೇಳಿ, "ಮೊದಲು ನನ್ನ ಕೈ ಹಿಸುಕು ಅಂತೀವಿ, ಆಮೇಲೆ ಎರಡೂ ಪಾದ ಕೆಳಕ್ಕೆ ಮೇಲಕ್ಕೆ ಮಾಡು ಅಂತೀವಿ" ಎಂದೆ.

"ಮಿಷನ್ ತುಳಿಯೋ ಥರಾನಾ?" ಎಂದಳು. ಮಂಚದ ಅಂಚಿನಲ್ಲಿ ಕೂತು ಎರಡೂ ಪಾದ ಆಡಿಸಿ ತೋರಿಸಿದಳು. "ನಾನು ಅಬ್ಬಾಗೆ ಕರ್ಟನ್ ಅಂಚು ಹೊಲೆದುಕೊಡ್ತೀನಿ. ಅಬ್ಬಾ ಹೊಲಿದಿದ್ದಕ್ಕಿಂತ ನೆಟ್ಟಗೆ ಇರ್ತದೆ."

"ಸುಳ್ಳಿ" ಎಂದರು ಸೈಫುಲ್ಲಾ ಬಾಗಿಲಿಂದ.

"ಮೇಡಂ, ನನ್ ಬೆನ್ನು ಪೂರ್ತಿ ನೆಟ್ಟಗಾಗ್ತದಾ?"

"ಎಷ್ಟು ಆಗುತ್ತೋ ಅಷ್ಟು ಮಾಡ್ತೀನಿ" ಎಂದೆ. ಅವಳಿಗೆ ಆ ಉತ್ತರ ಹಿಡಿಸಲಿಲ್ಲ. ನನಗೂ ಅದಕ್ಕಿಂತ ಒಂದು ಪದ ಹೆಚ್ಚು ಹೇಳುವ ಧೈರ್ಯವಿರಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಶುರುಮಾಡಿದೆವು. ಯಂತ್ರದ ಮುಂದೆ ಬೆಂಗಳೂರಿನಿಂದ ಬಂದ ಬಸವಪ್ರಭು. ತಲೆಯ ಹತ್ತಿರ ರಂಗನಾಥ್. ಸ್ಕ್ರೂಗಳು ಒಂದೊಂದಾಗಿ ಕೂತವು. ಹನ್ನೊಂದೂಕಾಲಿಗೆ ಮೊದಲ ರಾಡ್ ಇಟ್ಟು ತಿರುಗಿಸಿದೆ. ಬೆನ್ನು ನೆಟ್ಟಗೆ ಬಂತು. ಒಂದು ವರ್ಷ ಎಂಟು ತಿಂಗಳು ಮುಟ್ಟದ ಕೈ ಆ ಕೆಲಸವನ್ನು ಮರೆತಿರಲಿಲ್ಲ. ಮೂಳೆಗಳು ಸಾಲಿಗೆ ಬರುವುದನ್ನು ನೋಡುತ್ತ ಒಂದು ಕ್ಷಣ ನಾನು ಸಂತೋಷವಾಗಿದ್ದೆ.

"ಮೇಡಂ, ಎಡಗಾಲಿನ ಸಿಗ್ನಲ್ ಬೀಳ್ತಿದೆ" ಎಂದರು ಬಸವಪ್ರಭು.

"ಎಷ್ಟು?"

"ಅರ್ಧ. ಇಲ್ಲ... ಹೋಯ್ತು. ಬಲಗಾಲಲ್ಲಿ ಸ್ವಲ್ಪ ಇದೆ. ವೈರ್ ಇರಬಹುದು ಮೇಡಂ, ಎರಡು ನಿಮಿಷ ಕೊಡಿ, ಚೆಕ್ ಮಾಡ್ತೀನಿ."

ಅದೇ ಮಾತು. ಅವರು ಬೇರೆ ಮನುಷ್ಯ, ಅವತ್ತು ಅವರು ಇರಲೇ ಇಲ್ಲ, ಆದರೂ ಅದೇ ಮಾತು. ವೈರ್ ಆಗಿದ್ದರೂ ಆಗಿರಬಹುದು. ನನ್ನ ಕಣ್ಣೆದುರು ಹುಡುಗಿಯ ಬೆನ್ನು ಪಠ್ಯಪುಸ್ತಕದ ಫಿಲ್ಮಿನಲ್ಲಿ ಕಾಣುವಷ್ಟು ನೇರವಾಗಿತ್ತು. ಬಿಚ್ಚಿದರೆ ಈ ನೇರ ಮತ್ತೆ ಸಿಗುವುದಿಲ್ಲ.

"ನೀವು ಚೆಕ್ ಮಾಡ್ತಾ ಇರಿ. ನಾನು ಬಿಚ್ಚುತ್ತೀನಿ" ಎಂದೆ. "ರಂಗನಾಥ್, ಬಿಪಿ ಏರಿಸಿ."

"ಏರಿಸ್ತಿದೀನಿ" ಎಂದರು. ಗೋಡೆಯ ಗಡಿಯಾರದ ಕಡೆ ನಾನು ನೋಡಲಿಲ್ಲ. ನರ್ಸ್‌ಗೆ ನಿಮಿಷ ನಿಮಿಷಕ್ಕೆ ಗಟ್ಟಿಯಾಗಿ ಹೇಳಲು ಹೇಳಿದ್ದೆ. ಒಂದು. ಎರಡು. ಮೂರನೆಯದಕ್ಕೆ ರಾಡ್ ಸಡಿಲವಾಗಿತ್ತು. ಬೆನ್ನು ಅದರ ಹಳೆಯ ಬಾಗಿಗೆ ಜಾರಿತು.

ಸಿಗ್ನಲ್ ಬರಲಿಲ್ಲ. ಆರು. ಏಳು. ಎಲ್ಲ ವೈರುಗಳೂ ಸರಿ ಇವೆ ಎಂದು ಬಸವಪ್ರಭು ಹೇಳಿದರು. ಹಾಗಾದರೆ ಅದು ನಿಜವೇ.

"ಎಬ್ಬಿಸಿ" ಎಂದೆ.

ರಂಗನಾಥ್ ಔಷಧಿ ಇಳಿಸಿದರು. ಎಬ್ಬಿಸುವುದೆಂದರೆ ಒಂದು ಗುಂಡಿ ಒತ್ತುವುದಲ್ಲ, ಕಾಯಬೇಕು. ಹನ್ನೆರಡು. ಹದಿಮೂರು. ಹದಿನಾರು. ಹೊರಗೆ ಬೆಂಚಿನ ಮೇಲೆ ಸೈಫುಲ್ಲಾ ಕೂತಿರುತ್ತಾರೆ. ಟೀ ಕುಡಿಯಲು ಹೋಗಿರಲಾರರು ಎಂದುಕೊಂಡೆ.

"ಅರ್ಶಿಯಾ" ರಂಗನಾಥ್ ಅವಳ ಕಿವಿಯ ಹತ್ತಿರ ಬಗ್ಗಿದ್ದರು. "ಅರ್ಶಿಯಾ, ನನ್ನ ಕೈ ಹಿಸುಕಮ್ಮ." ತಲೆ ಎತ್ತಿ ನನಗೆ ಹೇಳಿದರು, "ಹಿಸುಕಿದಳು. ಕೇಳಿಸ್ತಿದೆ ಅವಳಿಗೆ." ಮತ್ತೆ ಬಗ್ಗಿ, "ಈಗ ಕಾಲು ಆಡಿಸಮ್ಮ. ಎರಡೂ ಪಾದ."

ಬಲಪಾದ ಅಲ್ಲಾಡಿತು. ಎಡಪಾದ ಅಲ್ಲಾಡಲಿಲ್ಲ.

"ಇನ್ನೊಂದ್ಸಲ. ಪಾದ ಆಡಿಸಮ್ಮ."

ಬಲ ಮಾತ್ರ.

ಯಾರೂ ನನ್ನನ್ನು ನೋಡಲಿಲ್ಲ. ನನಗೆ ಅಂಗಳದಲ್ಲಿ ಕಾಯಿ ಕೆಳಗಿಟ್ಟ ಕೈ ಕಾಣಿಸಿತು. ಹಿಂದಿನ ದಿನ ಅರ್ಶಿಯಾ ಮಂಚದ ಅಂಚಿನಲ್ಲಿ ಕೂತಿದ್ದೂ ಕಾಣಿಸಿತು.

"ಅರ್ಶಿಯಾ" ಎಂದೆ, ಮಾಸ್ಕಿನೊಳಗಿಂದ ಆದಷ್ಟು ಗಟ್ಟಿಯಾಗಿ. "ಮಿಷನ್ ತುಳಿ. ಅಬ್ಬಾ ಕರ್ಟನ್ ಕೊಟ್ಟಿದಾರೆ. ತುಳಿ."

ಏನೂ ಆಗಲಿಲ್ಲ. ಆಮೇಲೆ ಬಲಪಾದ ಕೆಳಕ್ಕೆ ಹೋಯಿತು. ಅದರ ಹಿಂದೆ, ತಡವಾಗಿ, ಸಣ್ಣಗೆ, ಎಡಪಾದವೂ ಹೋಯಿತು. ಮತ್ತೆ ಮೇಲೆ. ಮತ್ತೆ ಕೆಳಗೆ. ಕಾಲ ಬಳಿ ನಿಂತಿದ್ದ ನರ್ಸ್ ಅಳು ಬಂದ ದನಿಯಲ್ಲಿ, "ಎರಡೂ ಮೇಡಂ" ಎಂದಳು.

"ಸಾಕು, ಮಲಗಿಸಿ" ಎಂದೆ. ರಂಗನಾಥ್ ಮಲಗಿಸಿದರು. ಇನ್ನೂ ನಾಲ್ಕು ನಿಮಿಷ ಕಳೆದ ಮೇಲೆ ಎಡಗಾಲಿನ ಸಿಗ್ನಲ್ ತೆಳುವಾಗಿ ಬರಲು ಶುರುವಾಯಿತು ಎಂದು ಬಸವಪ್ರಭು ಹೇಳಿದರು. ಮಾತು ಅರ್ಥವಾಗಿ ತುಳಿದಳೋ, ನರಕ್ಕೆ ರಕ್ತ ಮರಳುವ ಹೊತ್ತಿಗೆ ಸರಿಯಾಗಿ ನಾನು ಕೂಗಿದೆನೋ ನನಗೆ ಗೊತ್ತಿಲ್ಲ. ರಂಗನಾಥ್‌ಗೂ ಗೊತ್ತಿಲ್ಲ, ಎರಡನೆಯದೇ ಇರಬೇಕು ಎನ್ನುತ್ತಾರೆ.

ರಾಡನ್ನು ಮತ್ತೆ ಕೂಡಿಸಿದೆ, ಈ ಸಲ ಬೆನ್ನು ತಾನಾಗಿ ಎಷ್ಟು ಒಪ್ಪಿತೋ ಅಷ್ಟಕ್ಕೆ. ಸಿಗ್ನಲ್ ಸ್ವಲ್ಪ ನಡುಗಿದ ಕೂಡಲೇ ಒಂದು ಹೆಜ್ಜೆ ಹಿಂದೆ ಬಂದೆ. ಅರವತ್ತಮೂರು ಇದ್ದದ್ದು ಮೂವತ್ತೆಂಟಕ್ಕೆ ನಿಂತಿತು. ನನ್ನ ನಲವತ್ತೆರಡು ಫಿಲ್ಮುಗಳಲ್ಲಿ ಇದೇ ಅತ್ಯಂತ ಸೊಟ್ಟ. ಇದನ್ನು ನಾನು ಯಾವ ಸಮ್ಮೇಳನದಲ್ಲೂ ತೋರಿಸುವುದಿಲ್ಲ.

ಸಂಜೆ ಐಸಿಯುನಲ್ಲಿ ಅರ್ಧ ಗಂಟೆಗೊಮ್ಮೆ ಹೋಗಿ ಪಾದ ಆಡಿಸಲು ಹೇಳಿದೆ. ಎಡಪಾದ ಬಲದಷ್ಟು ಚುರುಕಾಗಿರಲಿಲ್ಲ. ಆದರೆ ಏಳುತ್ತಿತ್ತು. ಐದನೇ ಸಲಕ್ಕೆ ಅವಳು ಕಣ್ಣು ಮುಚ್ಚಿಕೊಂಡೇ, "ಎಷ್ಟ್ ಸಲ ತುಳೀಲಿ ಮೇಡಂ, ಕರ್ಟನ್ ಮುಗೀತು" ಎಂದಳು. ಚಾಂದ್ ಬೀ ನಕ್ಕರು, ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡರು. ಸೈಫುಲ್ಲಾಗೆ ನಡೆದದ್ದೆಲ್ಲ ಹೇಳಿದೆ, ಸಿಗ್ನಲ್ ಬಿದ್ದದ್ದು, ಬಿಚ್ಚಿದ್ದು, ನಿಮಿಷಗಳು, ಮೂವತ್ತೆಂಟು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಟ್ಟೆಲಿ ಎಷ್ಟಿಂಚು ಬರ್ತದೆ?"

"ಅಳತೆ ತೆಗೆಯೋದು ನೀವು" ಎಂದೆ.

ಮೂರು ವಾರಗಳ ನಂತರ ತೆಗೆದರು. ಒಂದೂವರೆ ಇದ್ದ ವ್ಯತ್ಯಾಸ ಈಗ ಅರ್ಧ ಇಂಚು. ಅರ್ಶಿಯಾಗೆ ಈಗ ಎಡಗಾಲಿನ ಹಿಮ್ಮಡಿ ಆಗಾಗ ಜುಮ್ಮೆನ್ನುತ್ತದಂತೆ. ನಾನು ಪ್ರತಿ ಬುಧವಾರ ನೋಡುತ್ತೇನೆ. ನನ್ನ ಮುಖ ನೋಡಿ ಅವಳಿಗೆ ಭಯವಾಗುತ್ತದೆಂದು ಚಾಂದ್ ಬೀ ದೂರಿದ್ದಾರೆ.

ಅಕ್ಟೋಬರ್ ಮೊದಲ ಸೋಮವಾರ ಹತ್ತು ಗಂಟೆಗೆ ಫೋನ್ ಬರಲಿಲ್ಲ. ಹತ್ತೂವರೆಗೂ ಬರಲಿಲ್ಲ. ನಾನು ಮೂರನೆಯ ಪೇಷಂಟಿನ ಸೊಂಟ ಒತ್ತಿ ನೋಡುತ್ತಿದ್ದಾಗ ಬಂತು. ಅಡವಿಯಪ್ಪನ ನಂಬರ್. ಕ್ಷಮಿಸಿ ಎಂದು ಆಚೆ ಬಂದು ಎತ್ತಿಕೊಂಡೆ.

"ಮೇಡಂ, ನಾನು ಗಂಗಾಂಬಿಕೆ. ಅಪ್ಪ ಮಾತಾಡಲ್ಲ ಅಂತಾವ್ರೆ. ಫೋನ್ ಕೊಟ್ಟು ಆಚೆ ಹೋದ್ರು."

"ಹೇಳಮ್ಮ."

"ಹೆಬ್ಬೆಟ್ಟು ಅಲ್ಲಾಡಲ್ಲ ಮೇಡಂ. ಹೋದ್ ವರ್ಷದಿಂದ್ಲೂ ಅಲ್ಲಾಡಿಲ್ಲ. ಪಟ್ಟಿ ಬೇರೆ ಕಾಲಿಗೆ ಒತ್ತುತ್ತೆ. ಹೊಸದು ಮಾಡ್ಸಕ್ಕೆ ಯಾವತ್ತು ಬರ್ಲಿ?"

"ನಾಳೆನೇ ಬಾ" ಎಂದೆ. ಅವಳು ಸರಿ ಎಂದು ಇಟ್ಟಳು. ಒಳಗೆ ಪೇಷಂಟ್ ಇನ್ನೂ ಮಲಗಿಕೊಂಡೇ ಇದ್ದರು. ನಾನು ಕೈ ತೊಳೆದುಕೊಂಡು ಒಳಗೆ ಹೋದೆ.